ಮಾಸ್ಕ್ ತೊಟ್ಟವರು ಮನೆಯಲ್ಲಿ ಕುಳಿತವರಲ್ಲ

ಕರ್ನಾಟಕದಲ್ಲಿ ಮಾಸ್ಕ್ ಹಾಕದೆ ಬೀದಿಗಿಳಿದವರು ದಂಡ ತೆತ್ತ ಕಾಲ ಬಹಳ ಹಿಂದಿನದೇನಲ್ಲ. 2020ರ ಅಕ್ಟೋಬರ್ ಆರಂಭದಲ್ಲಿ ರಾಜ್ಯ ಸರ್ಕಾರ ಈ ದಂಡವನ್ನು ನಗರಗಳಲ್ಲಿ 1,000 ರೂಪಾಯಿಗೂ ಹಳ್ಳಿಗಳಲ್ಲಿ 500 ರೂಪಾಯಿಗೂ ಏರಿಸಿ, ಜನರ ಸಿಟ್ಟು ಕಂಡು ಕೆಲವೇ ದಿನಗಳಲ್ಲಿ 250 ಮತ್ತು 100 ರೂಪಾಯಿಗೆ ಇಳಿಸಿತು. ಬೆಂಗಳೂರಿನ ಮಾರುಕಟ್ಟೆಗಳಲ್ಲಿ ಬಿಬಿಎಂಪಿ ಮಾರ್ಷಲ್‌ಗಳು ಕಾದು ನಿಂತಿರುತ್ತಿದ್ದರು. ಮೂಗಿನಿಂದ ಕೆಳಗೆ ಜಾರಿದ ಮಾಸ್ಕಿಗೂ ರಸೀದಿ ಹರಿಯುತ್ತಿತ್ತು. ಈಗ ಅದೇ ಊರಿನಲ್ಲಿ ಮದುವೆ ಮನೆಗೋ ಕಚೇರಿಯ ಮೀಟಿಂಗಿಗೋ ಮಾಸ್ಕ್ ಹಾಕಿಕೊಂಡು ಬಂದವರೇ ಜವಾಬು ಹೇಳಬೇಕಾಗಿದೆ. ‘ಇನ್ನೂ ಮಾಸ್ಕಾ? ಕೊರೊನಾ ಹೋಗಿ ಯಾವ ಕಾಲ ಆಯ್ತು!’ ಎಂದು ಒಬ್ಬರು ನಗುತ್ತಾರೆ. ‘ಯಾಕ್ರೀ, ಹುಷಾರಿಲ್ವಾ?’ ಎಂದು ಇನ್ನೊಬ್ಬರು ಅರ್ಧ ಹೆಜ್ಜೆ ಹಿಂದೆ ಸರಿದು ಕೇಳುತ್ತಾರೆ. ‘ನಾವೇನು ರೋಗ ಹೊತ್ತುಕೊಂಡು ಬಂದಿದ್ದೀವಾ?’ ಎಂಬ ಮೂರನೆಯ ಮಾತು ಬಾಯಿಂದ ಬರದಿದ್ದರೂ ಮುಖದ ಮೇಲಿರುತ್ತದೆ. ಒಂದು ಸಲಕ್ಕೆ ಇದು ದೊಡ್ಡ ವಿಷಯವೇನಲ್ಲ. ಹೋದಲ್ಲೆಲ್ಲ, ತಿಂಗಳುಗಟ್ಟಲೆ ಇದನ್ನೇ ಕೇಳಿಸಿಕೊಂಡವರು ಎರಡರಲ್ಲಿ ಒಂದು ಮಾಡುತ್ತಾರೆ: ಮಾಸ್ಕ್ ತೆಗೆಯುತ್ತಾರೆ, ಇಲ್ಲವೇ ಹೋಗುವುದನ್ನೇ ಬಿಡುತ್ತಾರೆ. ಬಾರದೆ ಉಳಿದವರು ಯಾರ ಕಣ್ಣಿಗೂ ಬೀಳದ ಕಾರಣ ಈ ಎರಡನೆಯದರ ಲೆಕ್ಕ ಯಾರೂ ಇಡುವುದಿಲ್ಲ. ನನ್ನ ವಾದವಿಷ್ಟೆ: ಕೆಲವರ ಮಟ್ಟಿಗೆ ಮಾಸ್ಕ್ ಎನ್ನುವುದು ಜನರ ನಡುವೆ ಬರಲು ಉಳಿದಿರುವ ದಾರಿ. ಅದನ್ನು ತೆಗೆಸಬೇಕೆಂಬ ಒತ್ತಾಯವೇ ಅವರನ್ನು ಒಂಟಿ ಮಾಡುತ್ತಿದೆ.

ಯಾರು ಈ ಕೆಲವರು? ಕಿಡ್ನಿ ಕಸಿ ಮಾಡಿಸಿಕೊಂಡವರನ್ನು ಮೊದಲು ನೆನೆಯಬಹುದು. ಕಸಿಯಾದ ಅಂಗವನ್ನು ದೇಹ ಪರಕೀಯವೆಂದು ತಿಳಿದು ತಿರಸ್ಕರಿಸದಿರಲಿ ಎಂದು ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸುವ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್‌ನಂಥ ಮಾತ್ರೆಗಳನ್ನು ಅವರು ಆ ಅಂಗ ಕೆಲಸ ಮಾಡುವಷ್ಟು ಕಾಲವೂ ನುಂಗಬೇಕು. ಕಿಮೊಥೆರಪಿ ನಡೆಯುತ್ತಿರುವವರಲ್ಲಿ ಪ್ರತಿ ಸುತ್ತಿನ ನಂತರ ಬಿಳಿ ರಕ್ತಕಣಗಳು ಕುಸಿದು ಮತ್ತೆ ಏರುತ್ತವೆ. ಆ ಕುಸಿತದ ದಿನಗಳಲ್ಲಿ ಸಾಮಾನ್ಯ ಜ್ವರವೂ ಆಸ್ಪತ್ರೆಗೆ ಸೇರಿಸುವಂಥದ್ದು. ಲೂಪಸ್, ಸಂಧಿವಾತಗಳಿಗೆ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಶ್ವಾಸಕೋಶ ದುರ್ಬಲವಾದ ಹಿರಿಯರು, ಇವರನ್ನೆಲ್ಲ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿರುವ ಆರೋಗ್ಯವಂತ ಹೆಂಡತಿ, ಮಗ, ಸೊಸೆ ಕೂಡ ಈ ಪಟ್ಟಿಗೆ ಸೇರುತ್ತಾರೆ. ‘ಲಸಿಕೆ ಹಾಕಿಸಿಕೊಂಡಿದ್ದೀರಲ್ಲ, ಇನ್ನೇನು ಭಯ?’ ಎಂಬುದು ಇವರಿಗೆ ಬರುವ ಮೊದಲ ಸಮಾಧಾನ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಜ್ಞರು ಅಂಗಾಂಗ ಕಸಿಯಾದ 658 ಮಂದಿಯನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಡೋಸ್ ಲಸಿಕೆಯ ಬಳಿಕ ಪ್ರತಿಕಾಯ ಕಂಡುಬಂದದ್ದು ಶೇ 54 ಮಂದಿಯಲ್ಲಿ ಮಾತ್ರ. ಮುಂದಿನ ಡೋಸ್‌ಗಳಿಂದ ಪರಿಸ್ಥಿತಿ ಸುಧಾರಿಸಿತು. ಪ್ರತಿಕಾಯವೊಂದೇ ರಕ್ಷಣೆಯ ಅಳತೆಯೂ ಅಲ್ಲ. ಆದರೂ ಉಳಿದವರಿಗೆ ಸಿಕ್ಕ ನಿಶ್ಚಿಂತೆ ಇವರಿಗೆ ಅದೇ ಪ್ರಮಾಣದಲ್ಲಿ ಸಿಕ್ಕಿಲ್ಲವೆಂಬುದು ಸ್ಪಷ್ಟ. ಜೊತೆಗೆ ಇವರ ಚಿಂತೆ ಕೊರೊನಾ ಒಂದಕ್ಕೇ ಸೀಮಿತವೂ ಅಲ್ಲ. ಎಚ್1ಎನ್1, ಪ್ರತಿ ವರ್ಷದ ಫ್ಲೂ, ಕ್ಷಯ, ಎಲ್ಲವೂ ಉಸಿರಿನ ದಾರಿಯಲ್ಲೇ ಬರುತ್ತವೆ.

ಇವರಿಗೆ ನಿಯಮ ಇದ್ದಾಗ ಒಂದು ಅನುಕೂಲವಿತ್ತು: ಯಾರೂ ಕಾರಣ ಕೇಳುತ್ತಿರಲಿಲ್ಲ. ವಿಪತ್ತು ನಿರ್ವಹಣಾ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ್ದ ಆದೇಶಗಳ ಅವಧಿ 2022ರ ಮಾರ್ಚ್ 31ಕ್ಕೆ ಮುಗಿಯಿತು. ಮಾಸ್ಕ್ ಬಳಕೆ ಮುಂದುವರಿಯಲಿ ಎಂಬ ಸಲಹೆಯೇನೋ ಉಳಿಯಿತು, ಆದರೆ ಸಲಹೆಗೂ ದಂಡಕ್ಕೂ ಇರುವ ಅಂತರವನ್ನು ನಮ್ಮ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಿಲ್ಲ. 2023ರ ಡಿಸೆಂಬರ್‌ನಲ್ಲಿ ಕೊರೊನಾದ ಜೆಎನ್.1 ಉಪತಳಿಯ ಸುದ್ದಿ ಬಂದಾಗ, 60 ದಾಟಿದವರು ಮತ್ತು ಬೇರೆ ಕಾಯಿಲೆಗಳಿರುವವರು ಮಾಸ್ಕ್ ಧರಿಸಬೇಕೆಂದು ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು. ವೈದ್ಯಕೀಯವಾಗಿ ಅದು ಸರಿಯಾದ ಮಾತೇ. ಸಾಮಾಜಿಕವಾಗಿ ಮಾತ್ರ ಅದರ ಪರಿಣಾಮ ಬೇರೆ: ಮಾಸ್ಕ್ ಹಾಕಿದವರು ವಯಸ್ಸಾದವರು ಅಥವಾ ಕಾಯಿಲೆಯವರು ಎಂಬ ಚೀಟಿ ಅಂಟಿತು. ಮೂವತ್ತರ ಹೆಣ್ಣುಮಗಳೊಬ್ಬಳು ಮಾಸ್ಕ್ ಹಾಕಿ ನೆಂಟರ ನಡುವೆ ಬಂದರೆ ಆ ಚೀಟಿಯನ್ನು ಎಲ್ಲರೂ ಓದುತ್ತಾರೆ. ಮನೆಯಲ್ಲಿ ಮದುವೆ ಮಾತುಕತೆ ನಡೆಯುತ್ತಿದ್ದರೆ ‘ಹುಡುಗಿಗೆ ಏನೋ ಇದೆಯಂತೆ’ ಎಂಬ ಗುಸುಗುಸು ಬೀಗರ ಮನೆ ಮುಟ್ಟಲು ಹೊತ್ತು ಬೇಡ. ಕೆಲಸಕ್ಕೆ ಹೊಸದಾಗಿ ಸೇರಿದವನಿಗೆ ತಾನು ರೋಗಿಯೆಂದು ಮೇಲಧಿಕಾರಿಗೆ ತಿಳಿದರೆ ಬಡ್ತಿಯ ಚಿಂತೆ. ‘ಕಾರಣ ಹೇಳಿಬಿಟ್ಟರಾಯಿತಲ್ಲ’ ಎಂದು ಸಲೀಸಾಗಿ ಬುದ್ಧಿ ಹೇಳುವವರು, ಕಾರಣ ಹೇಳುವುದಕ್ಕೆ ತೆರಬೇಕಾದ ಬೆಲೆಯನ್ನು ಗಣಿಸಿರುವುದಿಲ್ಲ. ಸರ್ಕಾರ ನಿಯಮ ತೆಗೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ; ಎಂದಾದರೂ ತೆಗೆಯಲೇಬೇಕಿತ್ತು. ಆದರೆ ‘ಅವರವರ ಇಷ್ಟ’ ಎಂದು ಬಿಟ್ಟಾಗ, ಆ ಇಷ್ಟವನ್ನು ಸಮರ್ಥಿಸಿಕೊಳ್ಳುವ ಹೊರೆ ತೀರಾ ಬಲಹೀನರ ಹೆಗಲಿಗೆ ಬಿತ್ತು.

ನಮ್ಮ ನಾಡಿನಲ್ಲಿ ಮುಖ ಮುಚ್ಚುವುದು ಅಪರೂಪವೇನಲ್ಲವೆಂಬುದನ್ನೂ ಗಮನಿಸಬೇಕು. ಹುಬ್ಬಳ್ಳಿಯ ದೂಳಿನಲ್ಲಿ, ಬೆಂಗಳೂರಿನ ಹೊಗೆಯಲ್ಲಿ ಸ್ಕೂಟರ್ ಓಡಿಸುವ ಹುಡುಗಿಯರು ಕಣ್ಣಷ್ಟೇ ಕಾಣುವಂತೆ ದುಪಟ್ಟಾ ಸುತ್ತಿಕೊಳ್ಳುತ್ತಾರೆ. ಸ್ಥಾನಕವಾಸಿ ಮತ್ತು ತೇರಾಪಂಥಿ ಜೈನ ಮುನಿಗಳು ಬಾಯಿಗೆ ಬಿಳಿಯ ಮುಹಪತ್ತಿ ಕಟ್ಟಿಕೊಂಡೇ ಚಾತುರ್ಮಾಸ್ಯದ ಪ್ರವಚನ ನೀಡುತ್ತಾರೆ. ಅವರನ್ನು ಯಾರೂ ‘ತೆಗೀರಿ’ ಎನ್ನುವುದಿಲ್ಲ, ಏಕೆಂದರೆ ಅವರ ಹಿಂದೆ ಒಂದು ಗುಂಪಿದೆ, ಎಲ್ಲರಿಗೂ ತಿಳಿದಿರುವ ಒಂದು ಕಾರಣವಿದೆ. ಅದೇ ಕ್ಷಯರೋಗಿಯ ವಿಷಯ ನೋಡಿ. ಜಗತ್ತಿನ ಕ್ಷಯ ಪ್ರಕರಣಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿವೆ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಮಾಸ್ಕ್ ಹಾಕಿಕೊಳ್ಳಿ ಎಂದರೆ ಎಷ್ಟೋ ರೋಗಿಗಳು ಆಸ್ಪತ್ರೆಯ ಗೇಟು ದಾಟಿದ ಕೂಡಲೇ ಅದನ್ನು ಜೇಬಿಗೆ ಸೇರಿಸುತ್ತಾರೆ. ಬೀದಿಯವರಿಗೆ ಗೊತ್ತಾದೀತೆಂಬ ಅಂಜಿಕೆ. ಬಟ್ಟೆಯ ತುಂಡು ಯಾರನ್ನೂ ಹೆದರಿಸುವುದಿಲ್ಲ. ಅದನ್ನು ತೊಟ್ಟವರ ಬೆನ್ನಿಗೆ ಯಾರೂ ಇಲ್ಲವೆಂದು ತಿಳಿದಾಗ ಸುತ್ತಲಿನವರಿಗೆ ಧೈರ್ಯ ಬರುತ್ತದೆ.

ಈ ‘ಬೆನ್ನಿಗೆ ಯಾರಾದರೂ ಇರುವುದು’ ಎಂಬುದರ ಬಲವನ್ನು ಅಳೆದವರು ಸೊಲೊಮನ್ ಆಶ್. ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನಲ್ಲಿದ್ದ ಈ ಮನಃಶಾಸ್ತ್ರಜ್ಞ 1950ರ ದಶಕದಲ್ಲಿ ನಡೆಸಿದ ಪ್ರಯೋಗ ಪಠ್ಯಪುಸ್ತಕಗಳಿಗೆ ಸೇರಿದೆ. ಆದರೆ ಅದರ ಅರ್ಧವನ್ನಷ್ಟೇ ನಾವು ನೆನಪಿಟ್ಟುಕೊಂಡಿದ್ದೇವೆ. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದು ಎಂದು ಕೇಳಬೇಕು. ಕೊಠಡಿಯಲ್ಲಿರುವ ಒಬ್ಬನ ಹೊರತು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಕೊಡುವವರು. ಒಂಟಿಯಾಗಿ ಕೇಳಿದರೆ ಬಹುತೇಕ ಯಾರೂ ತಪ್ಪದ ಈ ಸುಲಭದ ಪ್ರಶ್ನೆಗೆ, ಗುಂಪಿನ ನಡುವೆ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಉತ್ತರಗಳು ಗುಂಪಿನತ್ತ ವಾಲಿದವು. ಇದು ನಾವು ನೆನಪಿಟ್ಟುಕೊಂಡ ಅರ್ಧ. ಉಳಿದರ್ಧ ಹೀಗಿದೆ: ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಹೀಗೆ ವಾಲುವುದು ಮೊದಲಿದ್ದುದರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತಿತ್ತು. ಆ ಜೊತೆಗಾರ ನಡುವೆ ಮನಸ್ಸು ಬದಲಿಸಿ ಗುಂಪಿನ ಕಡೆ ಹಾರಿದರೆ ಒತ್ತಡ ಮೊದಲಿನಂತೆಯೇ ಬಂದು ಕೂರುತ್ತಿತ್ತು. ಆದರೆ ಅವನು ಬೇರೆ ಕೆಲಸವಿದೆಯೆಂದು ಎದ್ದು ಹೋದರೆ, ಅವನು ಕೊಟ್ಟ ಧೈರ್ಯ ಅಷ್ಟು ಬೇಗ ಕರಗುತ್ತಿರಲಿಲ್ಲ. ಮಾಸ್ಕ್ ಹಾಕುವವರು ಇಡೀ ಸಭೆಯ ಮನಸ್ಸು ಬದಲಿಸಲು ಹೊರಡಬೇಕಿಲ್ಲ ಎಂಬುದನ್ನು ಈ ಪ್ರಯೋಗದಿಂದ ತಿಳಿಯಬಹುದು. ಒಂದು ಮನೆಗೆ, ಒಂದು ಕಚೇರಿಗೆ ಒಬ್ಬರು ಸಾಕು. ಆ ಒಬ್ಬರು ತಾವೇ ಮಾಸ್ಕ್ ಹಾಕಬೇಕೆಂದೂ ಇಲ್ಲ; ‘ಬಿಡ್ರಿ, ಹಾಕ್ಕೊಳ್ಳಲಿ’ ಎಂದು ಪಕ್ಕದಲ್ಲಿ ನಿಂತರೂ ಒಂಟಿತನ ಮುರಿಯುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಒಂದು ಪಕ್ಷಕ್ಕೆ ಮಾತ್ರ ನ್ಯಾಯ ಸಿಕ್ಕಂತಾಗುತ್ತದೆ. ಮಾಸ್ಕ್ ಹಾಕಿಸಿದ ಒತ್ತಡವೂ ಇದೇ ಜಾತಿಯದು. ಜಪಾನಿನಲ್ಲಿ 2020ರಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ, ಅಲ್ಲಿನವರು ಮಾಸ್ಕ್ ಹಾಕಲು ಮುಖ್ಯ ಪ್ರೇರಣೆ ತಮಗೋ ಪರರಿಗೋ ಸೋಂಕು ತಗಲೀತೆಂಬ ಭಯಕ್ಕಿಂತ ‘ಎಲ್ಲರೂ ಹಾಕುತ್ತಾರೆ’ ಎಂಬುದೇ ಆಗಿತ್ತು. 2023ರ ಮಾರ್ಚ್ 13ರಿಂದ ಅಲ್ಲಿನ ಸರ್ಕಾರ ‘ಇನ್ನು ನಿಮ್ಮಿಷ್ಟ’ ಎಂದ ಮೇಲೂ ಜನ ತೆಗೆಯಲು ತಡವರಿಸಿದರು. ಮೊದಲು ಯಾರು ತೆಗೆಯುತ್ತಾರೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮಲ್ಲೂ ಅತಿರೇಕಗಳು ನಡೆದಿವೆ. ಕಾರಿನಲ್ಲಿ ಒಬ್ಬರೇ ಹೋಗುತ್ತಿದ್ದರೂ ಮಾಸ್ಕ್ ಕಡ್ಡಾಯವೆಂದು 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು. ಕಿಟಕಿ ಮುಚ್ಚಿದ ಕಾರಿನಲ್ಲಿ ಒಂಟಿ ಚಾಲಕನಿಂದ ಯಾರಿಗೆ ಅಪಾಯವೆಂಬ ಪ್ರಶ್ನೆ ಸಾಮಾನ್ಯರಿಗೆ ಕೊನೆಗೂ ಬಗೆಹರಿಯಲಿಲ್ಲ. ದಂಡದ ಭಯಕ್ಕೆ ಗಲ್ಲಕ್ಕೆ ಮಾಸ್ಕ್ ನೇತುಹಾಕಿಕೊಂಡು ಓಡಾಡಿದವರು, ನಿಯಮ ಹೋದ ದಿನವೇ ಅದನ್ನು ಕಿತ್ತೆಸೆದದ್ದರಲ್ಲಿ ಆಶ್ಚರ್ಯವೇನಿಲ್ಲ. ಕಾರಣ ತಿಳಿಸದೆ ಹೇರಿದ್ದನ್ನು ಜನ ಕಾರಣ ಕೇಳದೆ ಬಿಟ್ಟರು. ಆದ್ದರಿಂದ ಇಂದು ಮಾಸ್ಕ್ ಕಂಡು ಮುಖ ಸಿಂಡರಿಸುವವರ ಸಿಟ್ಟು ಎದುರಿನವರ ಮೇಲಿನದ್ದಷ್ಟೇ ಅಲ್ಲ. ಲಾಕ್‌ಡೌನಿನ ಆ ಎರಡು ವರ್ಷಗಳ ಮೇಲಿನದ್ದೂ ಹೌದು. ಮರೆಯಬೇಕೆಂದಿದ್ದನ್ನು ಆ ಬಿಳಿ ಬಟ್ಟೆ ನೆನಪಿಸುತ್ತದೆ. ಇದನ್ನು ಅರಿತರೆ ಚುಚ್ಚುಮಾತಿನ ಮೊನೆ ಸ್ವಲ್ಪವಾದರೂ ಮೊಂಡಾಗುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ‘ಮಾಸ್ಕ್ ಉಪಯೋಗಕ್ಕೆ ಬರುವುದಿಲ್ಲವೆಂದು ಸಾಬೀತಾಗಿದೆಯಲ್ಲ’ ಎಂಬುದು. ಇದಕ್ಕೆ ಆಧಾರವಾಗಿ ತೋರಿಸುವುದು 2023ರ ಜನವರಿಯಲ್ಲಿ ಬಂದ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯನ್ನು. ಕೈತೊಳೆಯುವುದೂ ಸೇರಿದಂತೆ ಹಲವು ಕ್ರಮಗಳ ಬಗ್ಗೆ ನಡೆದ 78 ಪ್ರಯೋಗಗಳನ್ನು ಅದು ಒಟ್ಟಿಗಿಟ್ಟು ನೋಡಿತ್ತು. ‘ಮಾಸ್ಕ್ ಕೆಲಸ ಮಾಡುವುದಿಲ್ಲ’ ಎಂದು ಅದನ್ನು ಅರ್ಥೈಸುವುದು ತಪ್ಪು ಮತ್ತು ದಾರಿ ತಪ್ಪಿಸುವಂಥದ್ದು ಎಂದು ಕಾಕ್ರೇನ್‌ನ ಪ್ರಧಾನ ಸಂಪಾದಕಿ ಕಾರ್ಲಾ ಸೊವಾರೆಸ್-ವೈಸರ್ ಅದೇ ಮಾರ್ಚ್‌ನಲ್ಲಿ ಸ್ಪಷ್ಟನೆ ಕೊಡಬೇಕಾಯಿತು. ಆ ಪ್ರಯೋಗಗಳು ಅಳೆದದ್ದು ಮಾಸ್ಕ್ ಹಾಕಿಕೊಳ್ಳಿ ಎಂದು ಜನರಿಗೆ ಹೇಳುವುದರಿಂದ ಸೋಂಕು ಕಡಿಮೆಯಾಗುತ್ತದೆಯೇ ಎಂಬುದನ್ನು. ಹೇಳಿಸಿಕೊಂಡವರೆಲ್ಲ ಹಾಕಿಕೊಳ್ಳಲಿಲ್ಲ, ಹಾಕಿಕೊಂಡವರೆಲ್ಲ ಸರಿಯಾಗಿ ಹಾಕಿಕೊಳ್ಳಲಿಲ್ಲ. ಹೀಗಾಗಿ ಉತ್ತರ ಮಸುಕಾಗಿಯೇ ಉಳಿಯಿತು. ನಮಗೆ ಹತ್ತಿರದ ಸಾಕ್ಷ್ಯ ಬಾಂಗ್ಲಾದೇಶದ್ದು. 2020ರ ನವೆಂಬರಿನಿಂದ 2021ರ ಏಪ್ರಿಲ್‌ವರೆಗೆ ಸುಮಾರು 600 ಹಳ್ಳಿಗಳ 3.4 ಲಕ್ಷ ವಯಸ್ಕರ ನಡುವೆ ನಡೆದ ಪ್ರಯೋಗದಲ್ಲಿ, ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಸರಿಯಾಗಿ ಧರಿಸುವವರ ಪ್ರಮಾಣ ಶೇ 42 ಮುಟ್ಟಿತು. ಹಂಚದ ಹಳ್ಳಿಗಳಲ್ಲಿ ಅದು ಶೇ 13 ಇತ್ತು. ಲಕ್ಷಣಸಹಿತ ಸೋಂಕು ಒಟ್ಟಾರೆ ಶೇ 9ರಷ್ಟು ತಗ್ಗಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ 60 ದಾಟಿದವರ ಪಾಲಿಗೆ ಇಳಿಕೆ ಶೇ 35ರಷ್ಟಿತ್ತು. ಬಟ್ಟೆ ಮಾಸ್ಕಿನ ಫಲ ಅಷ್ಟು ಖಚಿತವಾಗಿ ಕಾಣಲಿಲ್ಲ. ಈ ಅಧ್ಯಯನದ ಲೆಕ್ಕಾಚಾರಕ್ಕೂ ಟೀಕೆಗಳು ಬಂದಿವೆ. ನನಗೆ ಅದರಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬೇರೆಯದೇ ಸಂಗತಿ: ಊರಿಗೆ ಬಹುಮಾನದ ಆಸೆ ತೋರಿಸಿದ್ದು, ಮೊಬೈಲಿಗೆ ಸಂದೇಶ ಕಳಿಸಿದ್ದು ಯಾವುದೂ ಹೆಚ್ಚಿನ ಫಲ ಕೊಡಲಿಲ್ಲ. ಮನೆ ಬಾಗಿಲಿಗೆ ಮಾಸ್ಕ್ ತಲುಪಿಸಿ, ಊರಿನ ಗಣ್ಯರೂ ಧರ್ಮಗುರುಗಳೂ ತಾವೇ ತೊಟ್ಟು ತೋರಿಸಿ, ಸಂತೆಯಲ್ಲಿ ಮಸೀದಿಯಲ್ಲಿ ಎದುರಿಗೆ ಸಿಕ್ಕವರಿಗೆ ನಯವಾಗಿ ನೆನಪಿಸಿದ್ದರಿಂದ ಫಲ ಸಿಕ್ಕಿತು. ಪ್ರಮಾಣ ಏರಿದ್ದಕ್ಕೆ ಜನರ ನಡುವಿನ ಜನರೇ ಕಾರಣ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ‘ಎಲ್ಲರೂ ತೆಗೆದ ಮೇಲೆ ನೀವೊಬ್ಬರು ಹಾಕಿದರೆ ಏನು ಬಂತು?’ ಬಟ್ಟೆಯ ಮಾಸ್ಕಿನ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಅದರ ಮುಖ್ಯ ಕೆಲಸ ತೊಟ್ಟವರ ಉಸಿರು ಹೊರಗೆ ಚದುರದಂತೆ ತಡೆಯುವುದು. ಎಲ್ಲರೂ ಹಾಕಿದಾಗಲೇ ಅದರ ಪೂರ್ಣ ಪ್ರಯೋಜನ. ಕೊರೊನಾ ವೈರಾಣು ಗಾಳಿಯಲ್ಲಿ ತೇಲುವುದಿಲ್ಲವೆಂದೇ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲಿ ಸಾರಿತ್ತು. ಲಿಡಿಯಾ ಮೊರಾವ್ಸ್ಕ ಮೊದಲಾದ 239 ವಿಜ್ಞಾನಿಗಳು ಅದೇ ಜುಲೈನಲ್ಲಿ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದ ಬಳಿಕ ಆ ನಿಲುವು ನಿಧಾನವಾಗಿ ಸಡಿಲವಾಯಿತು. ಮುಚ್ಚಿದ ಕೋಣೆಯಲ್ಲಿ ಸೂಕ್ಷ್ಮ ಕಣಗಳು ಸಿಗರೇಟಿನ ಹೊಗೆಯಂತೆ ಗಂಟೆಗಟ್ಟಲೆ ಸುಳಿದಾಡಬಲ್ಲವಾದರೆ, ಕೆನ್ನೆಯ ಪಕ್ಕ ಸಂದಿ ಬಿಟ್ಟ ಮಾಸ್ಕ್ ಒಂಟಿಯಾಗಿ ಹೆಚ್ಚೇನೂ ಮಾಡಲಾರದು. ಎನ್95 ಹುಟ್ಟಿದ್ದೇ ಒಬ್ಬರು ತಮ್ಮನ್ನು ತಾವು ಕಾಪಾಡಿಕೊಳ್ಳಲಿ ಎಂದು. ಅದರ ಪದರಗಳ ಎಳೆಗಳಲ್ಲಿ ವಿದ್ಯುದಾವೇಶವಿರುವುದರಿಂದ ಜರಡಿಯಂತೆ ತಡೆಯುವುದಲ್ಲದೆ ಕಣಗಳನ್ನು ಸೆಳೆದೂ ಹಿಡಿಯುತ್ತದೆ. ಹಿಡಿಯಲು ಅತಿ ಕಷ್ಟವಾದ 0.3 ಮೈಕ್ರಾನ್ ಆಸುಪಾಸಿನ ಕಣಗಳಲ್ಲೂ ಕನಿಷ್ಠ ಶೇ 95ನ್ನು ಅದು ತಡೆಯಬೇಕೆಂಬುದು ಮಾನದಂಡ. ಕ್ಷಯದ ವಾರ್ಡಿನಲ್ಲಿ ದುಡಿಯುವ ನರ್ಸ್, ರೋಗಿಗಳೂ ಎನ್95 ಹಾಕಲೆಂದು ಕಾಯುವುದಿಲ್ಲ. ಆದರೆ ಅದು ಮುಖಕ್ಕೆ ಕೂರಬೇಕು: ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಎರಡೂ ಕೈಬೆರಳಿನಿಂದ ಒತ್ತಬೇಕು, ಕನ್ನಡಕ ಮಂಜಾಗುತ್ತಿದ್ದರೆ ಮೇಲಿನಿಂದ ಗಾಳಿ ಸೋರುತ್ತಿದೆಯೆಂದೇ ಅರ್ಥ, ದಟ್ಟ ಗಡ್ಡವಿದ್ದರೆ ಅಂಚು ಕೂರುವುದೇ ಇಲ್ಲ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಬರುವ ಎರಡು ಪಟ್ಟಿಯದ್ದು ಹೆಚ್ಚು ಬಿಗಿ. ಅಂದರೆ ‘ನೀವೊಬ್ಬರೇ’ ಎಂಬ ಆಕ್ಷೇಪ ಯಾವ ಮಾಸ್ಕ್ ಎಂಬುದಕ್ಕೆ ಉತ್ತರವಾಗಬಲ್ಲದೇ ಹೊರತು ತೆಗೆಯುವುದಕ್ಕೆ ಕಾರಣವಾಗುವುದಿಲ್ಲ.

ಮೂರನೆಯ ಆಕ್ಷೇಪವನ್ನು ಹೆಚ್ಚು ಕಾಳಜಿಯುಳ್ಳವರು ಎತ್ತುತ್ತಾರೆ. ‘ಸೋಂಕಿನಿಂದ ಉಳಿಯಲು ಹೋಗಿ ಜನರಿಂದಲೇ ದೂರವಾದರೆ ಅದೂ ಒಂದು ಕಾಯಿಲೆಯಲ್ಲವೇ?’ ಖಂಡಿತ ಹೌದು. ಅಮೆರಿಕದ ಸರ್ಜನ್ ಜನರಲ್ ಆಗಿದ್ದ, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ 2023ರ ಮೇನಲ್ಲಿ ಒಂಟಿತನವನ್ನು ಸಾಂಕ್ರಾಮಿಕವೆಂದೇ ಕರೆದು ಸುದೀರ್ಘ ಸಲಹಾಪತ್ರ ಹೊರಡಿಸಿದರು. ಸಾಮಾಜಿಕ ಸಂಪರ್ಕವಿಲ್ಲದ ಬದುಕು ಆಯುಸ್ಸಿಗೆ ತರುವ ಕುತ್ತನ್ನು ದಿನಕ್ಕೆ 15 ಸಿಗರೇಟ್ ಸೇದುವುದಕ್ಕೆ ಅದರಲ್ಲಿ ಹೋಲಿಸಲಾಗಿದೆ. ಇದನ್ನು ಒಪ್ಪಿಕೊಂಡ ಮೇಲೆಯೇ ನನ್ನ ವಾದ ಗಟ್ಟಿಯಾಗುತ್ತದೆ. ಕಸಿಯಾದವರ ಮುಂದಿರುವ ಆಯ್ಕೆಗಳನ್ನು ನೋಡಿ: ಮಾಸ್ಕಿಲ್ಲದೆ ಮದುವೆಗೆ ಹೋಗುವುದು, ಮಾಸ್ಕ್ ಹಾಕಿ ಮದುವೆಗೆ ಹೋಗುವುದು, ಹೋಗದೇ ಇರುವುದು. ಮೊದಲನೆಯದು ಅವರಿಗೆ ಹೆದರಿಕೆಯದ್ದು. ಎರಡನೆಯದನ್ನು ನಾವು ನಗೆಪಾಟಲು ಮಾಡಿ ಕಸಿದುಕೊಂಡರೆ ಉಳಿಯುವುದು ಮೂರನೆಯದೇ. ಮಂಡಿಗೆ ಬೆಲ್ಟ್ ಕಟ್ಟಿಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರನ್ನು ಬೆಟ್ಟಕ್ಕೆ ಹೆದರಿದವರೆಂದು ಯಾರೂ ಹೇಳುವುದಿಲ್ಲ. ಹತ್ತಬೇಕೆಂಬ ಆಸೆ ಇರುವುದರಿಂದಲೇ ಬೆಲ್ಟ್ ಕಟ್ಟಿದ್ದಾರೆ. ಮಾಸ್ಕ್ ಹಾಕಿ ಬಂದವರ ಬಗ್ಗೆಯೂ ತಿಳಿಯಬೇಕಾದ ಮೊದಲ ವಿಷಯ, ಅವರು ಬಂದಿದ್ದಾರೆ ಎಂಬುದು.

ಮಾಸ್ಕಿನಿಂದ ನಷ್ಟವೇ ಇಲ್ಲವೆಂದು ಸಾಧಿಸಲು ಹೋಗಬಾರದು. ತುಟಿಯ ಚಲನೆ ನೋಡಿ ಮಾತು ಹಿಡಿಯುವ ಕಿವುಡರಿಗೆ ಅದು ನಿಜವಾದ ಅಡ್ಡಿ. ಕಿವಿ ಮಂದವಾದ ಅಜ್ಜನ ಹತ್ತಿರ ಮಾಸ್ಕಿನೊಳಗಿಂದ ಕೂಗಿ ಮಾತಾಡುವುದು ಇಬ್ಬರಿಗೂ ದಣಿವು. ಮುಖವೇ ಕಾಣದಿದ್ದರೆ ನಗುವೋ ವ್ಯಂಗ್ಯವೋ ತಿಳಿಯುವುದಿಲ್ಲ. ಪುಟ್ಟ ಮಗುವನ್ನು ಎತ್ತಿಕೊಂಡವರಿಗೆ ಇದರ ಅರಿವು ಚೆನ್ನಾಗಿಯೇ ಇರುತ್ತದೆ. ಬೆಲೆಯ ಮಾತೂ ಇದೆ. ಒಳ್ಳೆಯ ಎನ್95 ಅನ್ನು ದಿನಗೂಲಿಯವರು ದಿನಕ್ಕೊಂದರಂತೆ ಕೊಳ್ಳಲಾರರು. ಈ ನಷ್ಟಗಳನ್ನು ತೊಟ್ಟವರೇ ಎಲ್ಲರಿಗಿಂತ ಹೆಚ್ಚು ಅನುಭವಿಸುತ್ತಿರುತ್ತಾರೆ. ಚೆನ್ನೈಯ ಸೆಖೆಯಲ್ಲೋ ರಾಯಚೂರಿನ ಮೇ ತಿಂಗಳಲ್ಲೋ ಯಾರೂ ಶೋಕಿಗೆ ಎನ್95 ಹಾಕಿಕೊಳ್ಳುವುದಿಲ್ಲ.

ಮಾಸ್ಕ್ ತೆಗೆಸುವ ಈ ಸಣ್ಣ ಸಾಮಾಜಿಕ ಒತ್ತಡ ಕಾನೂನಾಗಿ ಬೆಳೆದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ನಾರ್ತ್ ಕ್ಯಾರೊಲಿನಾ ಉದಾಹರಣೆ. ಕು ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿಗಳ ಗುಂಪನ್ನು ಹತ್ತಿಕ್ಕಲು 1953ರಲ್ಲಿ ಅಲ್ಲಿ ಮುಖ ಮುಚ್ಚುವುದನ್ನು ನಿಷೇಧಿಸಿದ್ದರು. 2020ರಲ್ಲಿ ಆರೋಗ್ಯದ ಕಾರಣಕ್ಕೆ ವಿನಾಯಿತಿ ಸೇರಿಸಿದರು. 2024ರಲ್ಲಿ ಪ್ರತಿಭಟನಕಾರರು ಮುಖ ಮರೆಸಿಕೊಳ್ಳುತ್ತಾರೆಂದು ಆ ವಿನಾಯಿತಿಯನ್ನೇ ತೆಗೆಯುವ ಮಸೂದೆ ಬಂತು. ಕ್ಯಾನ್ಸರ್ ರೋಗಿಗಳು ಮತ್ತಿತರರು ವಿರೋಧಿಸಿದ ಮೇಲೆ, ಸೋಂಕು ತಡೆಯಲು ವೈದ್ಯಕೀಯ ದರ್ಜೆಯ ಮಾಸ್ಕ್ ಧರಿಸಬಹುದು, ಆದರೆ ಪೊಲೀಸರು ಕೇಳಿದರೆ ತೆಗೆಯಬೇಕು ಎಂಬ ರಾಜಿ ಸೂತ್ರ ಸಿದ್ಧವಾಯಿತು. ರಾಜ್ಯಪಾಲ ರಾಯ್ ಕೂಪರ್ ತಡೆದರೂ ಶಾಸನಸಭೆ ಜೂನ್ ಕೊನೆಯಲ್ಲಿ ಅದನ್ನು ಜಾರಿಗೆ ತಂದಿತು. ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಬಳಿಯ ನಸ್ಸಾ ಕೌಂಟಿ ಮಾಸ್ಕ್ ಧರಿಸಿದವರಿಗೆ 1,000 ಡಾಲರ್‌ವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಜೈಲು ಎಂದಿತು. ಆರೋಗ್ಯ ಮತ್ತು ಧರ್ಮದ ಕಾರಣಗಳಿಗೆ ಅಲ್ಲೂ ವಿನಾಯಿತಿ ಉಂಟು. ಕಾಗದದ ಮೇಲೆ ರೋಗಿಗಳಿಗೆ ತೊಂದರೆಯಿಲ್ಲ. ಆದರೆ ನಾರ್ತ್ ಕ್ಯಾರೊಲಿನಾದ ರಾಲೀ, ಕ್ಯಾರಿ ಕಡೆ ನೆಲೆಸಿರುವ ಕನ್ನಡಿಗರೂ ಸೇರಿ ಅಲ್ಲಿನ ಪ್ರತಿಯೊಬ್ಬ ಕಸಿ ರೋಗಿಯೂ ಈಗ ದಾರಿಯಲ್ಲಿ ಸಿಕ್ಕ ಅಧಿಕಾರಿಗೆ ತಮ್ಮ ರೋಗದ ಕಥೆ ಹೇಳಲು ಸಿದ್ಧರಾಗಿರಬೇಕು. ಅಮೆರಿಕದಲ್ಲಿ ಮಾಸ್ಕ್ ಪಕ್ಷದ ಬಾವುಟವಾಗಿಬಿಟ್ಟಿದ್ದರಿಂದ ಅದರ ಕೆಳಗಿನ ಮುಖ ಯಾರದೆಂದು ನೋಡುವ ವ್ಯವಧಾನ ಹೋಯಿತು. ನಮ್ಮಲ್ಲಿ ಹಾಗಾಗಿಲ್ಲ ಎಂಬುದು ನಮ್ಮ ಭಾಗ್ಯ. ನಮ್ಮ ಒತ್ತಡವೆಲ್ಲ ದಾಕ್ಷಿಣ್ಯದ ದಾರಿಯಲ್ಲಿ ಬರುವಂಥದ್ದು, ಹಾಗಾಗಿ ಅದನ್ನು ಎದುರಿಸುವ ಬಗೆಯೂ ಬೇರೆ.

ದಾಕ್ಷಿಣ್ಯಕ್ಕೆ ವಾದದಿಂದ ಉತ್ತರ ಕೊಡಲಾಗದು. ‘ಇನ್ನೂ ಮಾಸ್ಕಾ?’ ಎಂದು ಕೇಳಿದ ದೊಡ್ಡಮ್ಮನಿಗೆ ಸೂಕ್ಷ್ಮ ಕಣಗಳ ಪಾಠ ಶುರುಮಾಡಿದರೆ ಅವರಿಗೆ ಬೇಸರ, ನಿಮಗೆ ಆಯಾಸ. ಅವರು ಕೇಳಿದ್ದು ಉತ್ತರಕ್ಕಾಗಿಯೂ ಅಲ್ಲ. ಎದುರಿಗೆ ಸಿಕ್ಕಾಗ ಏನಾದರೊಂದು ಆಡಬೇಕಲ್ಲ. ‘ಡಾಕ್ಟ್ರು ಹಾಕ್ಕೋ ಅಂದಿದಾರೆ ದೊಡ್ಡಮ್ಮ. ನಿಮ್ಮ ಮೊಮ್ಮಗಳು ಬಂದಿಲ್ವಾ?’ ಎಂದರೆ ಮಾತು ಮೊಮ್ಮಗಳ ಕಡೆ ಹರಿಯುತ್ತದೆ. ವೈದ್ಯರ ಹೆಸರು ಬಂದರೆ ನಮ್ಮವರು ಮುಂದಕ್ಕೆ ಕೆದಕುವುದು ಕಡಿಮೆ, ಕಾಯಿಲೆಯ ಹೆಸರನ್ನು ಬಿಚ್ಚಿಡಬೇಕಾದ ಪ್ರಸಂಗವೂ ತಪ್ಪುತ್ತದೆ. ಹೇಳುವ ದನಿಯಲ್ಲಿ ಕ್ಷಮೆಯೂ ಇರಬಾರದು, ಉಪದೇಶವೂ ಇರಬಾರದು. ‘ನೀವೂ ಹಾಕ್ಕೊಬೇಕಿತ್ತು’ ಎಂಬ ಒಂದು ಮಾತು ಸೇರಿಸಿದಿರೋ, ಎದುರಿನವರ ಮನಸ್ಸಿನಲ್ಲಿ ದಂಡ ಹಾಕಿದ ಮಾರ್ಷಲ್ ಮತ್ತೆ ಎದ್ದು ನಿಲ್ಲುತ್ತಾನೆ. ಇನ್ನು ಸಮಾರಂಭಗಳನ್ನು ಪೂರ್ತಿ ಬಿಡುವುದಕ್ಕಿಂತ ಆಯ್ದುಕೊಳ್ಳುವುದು ಮೇಲು. ರಾತ್ರಿಯ ಆರತಕ್ಷತೆಗೆ ಎಸಿ ಹಾಲಿನಲ್ಲಿ ಮುನ್ನೂರು ಜನರ ಹಿಂದೆ ಉಡುಗೊರೆ ಹಿಡಿದು ಸಾಲು ನಿಲ್ಲುವುದಕ್ಕಿಂತ, ಬೆಳಗಿನ ಮುಹೂರ್ತಕ್ಕೆ ಬಂದು ಬಾಗಿಲ ಬಳಿ ಕುಳಿತರೆ ಅಕ್ಷತೆಯೂ ಆಯಿತು, ಗಾಳಿಯೂ ಸಿಕ್ಕಿತು. ನಡುವೆ ತೊಟ್ಟಿ ಬಿಟ್ಟು ಕಟ್ಟಿದ ಹಳೆಯ ಛತ್ರಗಳು ಈ ವಿಷಯದಲ್ಲಿ ಇಂದಿನ ಗಾಜಿನ ಕಲ್ಯಾಣ ಮಂಟಪಗಳಿಗಿಂತ ಎಷ್ಟೋ ವಾಸಿ. ಊಟ ಮಾಡದೆ ಹೋದರೆ ಬೀಗರಿಗೆ ಅವಮಾನವಾಗುವಂತಿದ್ದರೆ ಮೊದಲ ಪಂಕ್ತಿಗೇ ಕೂರುವುದು ಜಾಣತನ. ಮೂರನೆಯ ಪಂಕ್ತಿಯ ಹೊತ್ತಿಗೆ ಊಟದ ಹಾಲಿನ ಗಾಳಿ ಸಾರಿನ ಹಬೆಗಿಂತ ದಟ್ಟವಾಗಿರುತ್ತದೆ. ವೇದಿಕೆಯ ಮೇಲೆ ಫೋಟೋಗ್ರಾಫರ್ ‘ಸಾರ್, ಮಾಸ್ಕ್’ ಎಂದು ಸನ್ನೆ ಮಾಡಿದಾಗ ಕ್ಷಣಕಾಲ ತೆಗೆಯಬೇಕೋ ಬೇಡವೋ ಎಂಬುದನ್ನು ಮನೆಯಲ್ಲೇ ನಿರ್ಧರಿಸಿಕೊಂಡು ಬರುವುದು ಒಳಿತು. ಎಷ್ಟು ಹೊತ್ತು ಆ ಗಾಳಿಯಲ್ಲಿದ್ದೇವೆ ಎಂಬುದರ ಮೇಲೆ ಅಪಾಯ ಹೆಚ್ಚು ಕಡಿಮೆಯಾಗುವುದರಿಂದ ಹತ್ತು ಸೆಕೆಂಡಿಗೆ ತೆಗೆದವರೂ ತಪ್ಪು ಮಾಡಿದಂತಲ್ಲ, ತೆಗೆಯದವರೂ ಅಲ್ಲ. ಎಲ್ಲರ ಕಣ್ಣೆದುರು ಗೊಂದಲಕ್ಕೆ ಬಿದ್ದಾಗಲೇ ಮುಲಾಜು ಗೆಲ್ಲುವುದು.

ಇಷ್ಟೆಲ್ಲವನ್ನೂ ರೋಗಿಯೇ ಮಾಡಿಕೊಳ್ಳಲಿ ಎಂದು ಉಳಿದವರು ಕೈಕಟ್ಟಿ ಕೂರುವುದು ನ್ಯಾಯವಲ್ಲ. ಕರೆಯುವ ಮನೆಯವರು ಹಾಲಿನ ಕಿಟಕಿ ತೆಗೆಸಬಹುದು, ಕಚೇರಿಯಲ್ಲಿ ಮೀಟಿಂಗನ್ನು ಗಾಳಿಯಾಡುವ ಕೊಠಡಿಗೆ ಬದಲಿಸಬಹುದು. ಇದಕ್ಕೆ ಯಾರ ಮುಖದ ಮೇಲೂ ಏನೂ ಹೊರಿಸಬೇಕಿಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಸುಮಾರು 420 ಪಿಪಿಎಂ ಇರುತ್ತದೆ. ಕೋಣೆಯೊಳಗೆ ಅದು 1,000 ದಾಟಿದೆಯೆಂದರೆ ಪರಸ್ಪರರು ಬಿಟ್ಟ ಉಸಿರನ್ನೇ ಸಾಕಷ್ಟು ಸೇದುತ್ತಿದ್ದೇವೆ ಎಂದರ್ಥ, ಅಳೆಯುವ ಪುಟ್ಟ ಯಂತ್ರಗಳು ಈಗ ಮಾರುಕಟ್ಟೆಯಲ್ಲಿವೆ. ನಿಯಮ ಉಳಿಯಬೇಕಿದ್ದ ಜಾಗವೆಂದರೆ ಆಸ್ಪತ್ರೆ. ಕಿಮೊ ವಾರ್ಡು, ಡಯಾಲಿಸಿಸ್ ಘಟಕ, ಕಸಿಯಾದವರ ಹೊರರೋಗಿ ವಿಭಾಗಗಳಲ್ಲಿ ಸಿಬ್ಬಂದಿಯೂ ಜೊತೆಗೆ ಬಂದವರೂ ಮಾಸ್ಕ್ ಧರಿಸಬೇಕೆಂದು ಗೋಡೆಗೊಂದು ಫಲಕವಿದ್ದರೆ, ಕೆಮ್ಮುತ್ತಿರುವ ಪಕ್ಕದವರಿಗೆ ‘ಸ್ವಲ್ಪ ಮಾಸ್ಕ್ ಹಾಕ್ಕೊಳ್ಳಿ’ ಎಂದು ರೋಗಿಯೇ ಅಂಜುತ್ತ ಕೇಳಬೇಕಾಗಿಲ್ಲ. ಸೋಂಕು ಹಿಡಿದವರೂ ಅದರಿಂದ ಅತಿ ಹೆಚ್ಚು ನರಳುವವರೂ ಒಂದೇ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾಯುವ ಜಾಗ ಬೇರೆ ಯಾವುದಿದೆ?

‘ಸರಿ, ಎಲ್ಲಿಯವರೆಗೆ?’ ಎಂಬುದು ಕೊನೆಯ ಪ್ರಶ್ನೆ. ಇದನ್ನು ಹೆಚ್ಚಾಗಿ ಕೇಳುವವರು ಮನೆಯವರೇ, ಪ್ರೀತಿಯಿಂದ ಮತ್ತು ದಣಿವಿನಿಂದ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೊರೊನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿದ್ದು ಜಗತ್ತಿನ ಮಟ್ಟದ ಲೆಕ್ಕ. ಒಬ್ಬೊಬ್ಬರ ದೇಹದ ಲೆಕ್ಕ ಬೇರೆ. ಕಿಮೊ ಮುಗಿಸಿ ರಕ್ತಕಣಗಳು ಮೊದಲಿನ ಮಟ್ಟಕ್ಕೆ ಬಂದವರು ಮಾಸ್ಕನ್ನು ಪೂರ್ತಿ ಬಿಡಬಹುದು. ಕಸಿಯಾದವರಿಗೆ ಮಾತ್ರೆಯ ಪ್ರಮಾಣ ಅತಿ ಹೆಚ್ಚಿರುವ ಮೊದಲ ತಿಂಗಳುಗಳಲ್ಲಿ ಬಿಗಿ ಹೆಚ್ಚು, ಆಮೇಲೆ ಸಡಿಲ. ಮಳೆಗಾಲದ ಫ್ಲೂ ಏರಿದಾಗ, ಊರಲ್ಲಿ ಎಚ್1ಎನ್1 ಸುದ್ದಿ ಇದ್ದಾಗ ಮತ್ತೆ ಬಿಗಿ. ಬಯಲಿನಲ್ಲಿ ಬೇಡ, ಬಸ್ಸಿನಲ್ಲಿ ಬೇಕು ಎಂದು ಜಾಗ ನೋಡಿ ನಡೆದುಕೊಳ್ಳುವವರೂ ಇದ್ದಾರೆ. ಪರೀಕ್ಷೆಯ ವರದಿ ಕೈಯಲ್ಲಿ ಹಿಡಿದು ಮೂರು ತಿಂಗಳಿಗೊಮ್ಮೆ ರೋಗಿಯೂ ವೈದ್ಯರೂ ಕೂತು ಮಾಡಬೇಕಾದ ತೀರ್ಮಾನವಿದು. ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತವರ ಕೈಯಲ್ಲಿ ಆ ವರದಿ ಇರುವುದಿಲ್ಲ.